ಕಿಡಿ ನಡೆಯುವ ದಾರಿ: ಹಳೆಯ ಕಾರಿನ ಇಗ್ನಿಷನ್ ದೋಷ ಹುಡುಕುವ ಬಗೆ

ಹಳೆಯ ಕಾರೊಂದನ್ನು ಪೂರ್ತಿ ಬಿಚ್ಚಿ, ತುಕ್ಕು ತೆಗೆದು, ಟಿಂಕರಿಂಗ್ ಮತ್ತು ಪೇಂಟಿಂಗ್ ಮುಗಿಸಿ, ಕಾರ್ಖಾನೆಯಿಂದ ಹೊರಬಂದಾಗ ಅದಕ್ಕಿದ್ದ ರೂಪಕ್ಕೆ ಮರಳಿಸುವ ಕೆಲಸವನ್ನು ಗ್ಯಾರೇಜುಗಳಲ್ಲಿ ರೆಸ್ಟೊರೇಷನ್ ಎಂದು ಕರೆಯುತ್ತಾರೆ. ಈ ಕೆಲಸದಲ್ಲಿ ತೊಡಗಿದವರೆಲ್ಲ ಬಲ್ಲ ಒಂದು ಸಂಗತಿಯಿದೆ: ಬಿಚ್ಚುವ ಮೊದಲು ಕುಂಟುತ್ತಲಾದರೂ ಓಡುತ್ತಿದ್ದ ಕಾರು, ಹೊಸ ಬಣ್ಣ, ಹೊಸ ವೈರಿಂಗ್ ಮತ್ತು ಹೊಸ ಸೀಟುಗಳೊಡನೆ ಸಜ್ಜಾಗಿ ನಿಂತ ದಿನ ಸ್ಟಾರ್ಟ್ ಆಗುವುದೇ ಇಲ್ಲ. ಇಂಥ ಸಂದರ್ಭಗಳಲ್ಲಿ ತೊಂದರೆ ಬಹಳ ಸಲ ಅಡಗಿರುವುದು ಇಗ್ನಿಷನ್ ವ್ಯವಸ್ಥೆಯಲ್ಲಿ, ಎಂದರೆ ಸಿಲಿಂಡರಿನೊಳಗಿನ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕೆ ಸರಿಯಾದ ಗಳಿಗೆಯಲ್ಲಿ ಕಿಡಿ ಹೊತ್ತಿಸುವ ವಿದ್ಯುತ್ ಭಾಗಗಳಲ್ಲಿ. ಮತ್ತು ಆ ದೋಷಗಳಲ್ಲಿ ಅನೇಕವು ಕಾರಿನ ವಯಸ್ಸಿನಿಂದ ಬಂದವಲ್ಲ, ಅದನ್ನು ಬಿಚ್ಚಿ ಜೋಡಿಸಿದ ಕೈಗಳಿಂದಲೇ ಬಂದವು. ಆದ್ದರಿಂದ ಕಂಡ ಕಂಡ ಭಾಗವನ್ನು ಬದಲಿಸುತ್ತ ಹೋಗುವ ಬದಲು, ವಿದ್ಯುತ್ತು ನಡೆಯುವ ದಾರಿಯಲ್ಲೇ ಹೆಜ್ಜೆ ಹೆಜ್ಜೆಯಾಗಿ ನಡೆದು ದೋಷವನ್ನು ಹುಡುಕುವುದು ಈ ಕೆಲಸದ ಮೂಲಸೂತ್ರವಾಗಿದೆ.

ಇಂಥ ಕೆಲಸಕ್ಕೆ ಪಶ್ಚಿಮ ಬೆಂಗಳೂರು ಅನುಕೂಲವಾದ ನೆಲ. 1949ರಲ್ಲಿ ಕೈಗಾರಿಕಾ ಉಪನಗರವಾಗಿ ಆರಂಭಗೊಂಡು, ಸಿ. ರಾಜಗೋಪಾಲಾಚಾರಿ ಅವರ ಹೆಸರನ್ನು ಹೊತ್ತ ರಾಜಾಜಿನಗರದಲ್ಲಿಯೂ, ಅಲ್ಲಿಂದ ಮಾಗಡಿ ರಸ್ತೆಯ ಉದ್ದಕ್ಕೆ ಕಾಮಾಕ್ಷಿಪಾಳ್ಯದ ಕಡೆಗೂ ಲೇತ್ ಯಂತ್ರವಿಟ್ಟುಕೊಂಡ ಚಿಕ್ಕ ಚಿಕ್ಕ ವರ್ಕ್‌ಶಾಪುಗಳು ಸಾಲಾಗಿ ಬೆಳೆದಿವೆ. ಅಂಗಡಿಯಲ್ಲಿ ಸಿಗದ ಒಂದು ಬುಷ್ ಅಥವಾ ಪಿನ್ನನ್ನು ಮಾದರಿ ನೋಡಿ ಕಡೆದುಕೊಡಬಲ್ಲ ಕುಶಲಕರ್ಮಿಗಳು ಇಲ್ಲಿ ಸಿಗುತ್ತಾರೆ. ಬಿಡಿಭಾಗಗಳಿಗೆ ಹೆಸರಾದ ಜೆ.ಸಿ. ರಸ್ತೆಯೂ ದೂರವಿಲ್ಲ. ಇನ್ನು ಕಿಡಿಯ ವಿಷಯಕ್ಕೆ ಬಂದರೆ, ಬಾಷ್ ಸಂಸ್ಥೆಯ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ನೆಲೆಯೂರಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಸ್ಪಾರ್ಕ್ ಪ್ಲಗ್ಗುಗಳು 'ಮೈಕೋ' ಎಂಬ ಹೆಸರಿನಲ್ಲಿ ದೇಶದ ಗ್ಯಾರೇಜುಗಳನ್ನೆಲ್ಲ ತುಂಬಿದ್ದವು. ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರಿನಲ್ಲಿ ಆ ನೆನಪು ಉಳಿದಿದೆ.

ಇಲ್ಲಿನ ಗ್ಯಾರೇಜುಗಳ ಕೈಗೆ ಬರುವ ಹಳೆಯ ಕಾರುಗಳಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರ್, ಫಿಯೆಟ್ 1100 ಮತ್ತು ಅದೇ ವಂಶದ ಪ್ರೀಮಿಯರ್ ಪದ್ಮಿನಿ, ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಮುಖ್ಯವಾದವು. ಅಪರೂಪಕ್ಕೆ ಸ್ವಾತಂತ್ರ್ಯಪೂರ್ವದ ಆಸ್ಟಿನ್, ಮಾರಿಸ್, ಫೋರ್ಡ್‌ಗಳೂ ಬರುತ್ತವೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ ಮತ್ತು ಎಂಜಿನ್ ಗಣನೀಯವಾಗಿ ಬದಲಾಗದೆ ಮೂಲರೂಪದಲ್ಲಿರುವ ಕಾರು ಮತ್ತು ಬೈಕುಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಅವುಗಳ ನಂಬರ್ ಪ್ಲೇಟಿನಲ್ಲಿ ರಾಜ್ಯದ ಸಂಕೇತದ ನಂತರ 'ವಿಎ' ಎಂಬ ಅಕ್ಷರಗಳಿರುತ್ತವೆ, ನೋಂದಣಿ ಹತ್ತು ವರ್ಷ ಊರ್ಜಿತವಾಗಿರುತ್ತದೆ. ಮೂಲರೂಪಕ್ಕೆ ಈಗ ಕಾನೂನಿನ ಬೆಲೆಯೂ ಬಂದಿರುವುದರಿಂದ, ಹಳೆಯ ಇಗ್ನಿಷನ್ನನ್ನು ಕಿತ್ತೆಸೆಯದೆ ಸರಿಪಡಿಸುವ ವಿದ್ಯೆ ಹೆಚ್ಚು ಮುಖ್ಯವಾಗಿದೆ.

ಕಿಡಿ ಹುಟ್ಟುವ ಬಗೆ

ದೋಷ ಹುಡುಕುವ ಮೊದಲು ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಬೇಕು. ಮೊದಲಿಗೆ ಕಾರುಗಳಲ್ಲಿ ಮ್ಯಾಗ್ನೆಟೊ ಎಂಬ, ಆಯಸ್ಕಾಂತ ತಿರುಗಿಸಿ ತಾನೇ ವಿದ್ಯುತ್ ಹುಟ್ಟಿಸಿಕೊಳ್ಳುವ ಸಾಧನ ಹೆಚ್ಚು ಬಳಕೆಯಲ್ಲಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ 1910ರ ಸುಮಾರಿಗೆ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದು, ಮುಂದಿನ ಆರೇಳು ದಶಕಗಳ ಕಾಲ ಜಗತ್ತಿನ ಬಹುಪಾಲು ಪೆಟ್ರೋಲ್ ಕಾರುಗಳಲ್ಲಿ ನೆಲೆಸಿತು. ಅಂಬಾಸಡರಿನಲ್ಲೂ ಫಿಯೆಟ್ಟಿನಲ್ಲೂ ಇದ್ದುದು ಇದೇ. ಕೆಟರಿಂಗ್ ಕಟ್ಟಿದ ಕಂಪನಿಯ ಹೆಸರು ಡೆಲ್ಕೊ; ದಕ್ಷಿಣ ಭಾರತದ ಕೆಲವು ಹಳೆಯ ಮೆಕಾನಿಕ್‌ಗಳು ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರನ್ನು ಈಗಲೂ 'ಡೆಲ್ಕೊ' ಎಂದೇ ಕರೆಯುತ್ತಾರೆ.

ಈ ವ್ಯವಸ್ಥೆಯಲ್ಲಿ ಎರಡು ಸರ್ಕ್ಯೂಟುಗಳಿವೆ. ಮೊದಲನೆಯದು ಕಡಿಮೆ ವೋಲ್ಟೇಜಿನದು: ಬ್ಯಾಟರಿಯ 12 ವೋಲ್ಟ್, ಕೆಲವು ಹಳೆಯ ಕಾರುಗಳಲ್ಲಿ 6 ವೋಲ್ಟ್, ಇಗ್ನಿಷನ್ ಸ್ವಿಚ್ಚಿನ ಮೂಲಕ ಕಾಯಿಲಿನ ದಪ್ಪ ತಂತಿಯ ಸುತ್ತುಗಳಿಗೆ ಬಂದು, ಅಲ್ಲಿಂದ ಡಿಸ್ಟ್ರಿಬ್ಯೂಟರಿನೊಳಗಿನ ಕಾಂಟ್ಯಾಕ್ಟ್ ಪಾಯಿಂಟುಗಳ ಮೂಲಕ ಕಾರಿನ ಲೋಹದ ಮೈಗೆ, ಎಂದರೆ ಅರ್ತ್‌ಗೆ ಸೇರುತ್ತದೆ. ಪಾಯಿಂಟುಗಳೆಂದರೆ ಒಂದನ್ನೊಂದು ಮುಟ್ಟಿ ಬಿಡುವ ಎರಡು ಚಿಕ್ಕ ಲೋಹದ ಬಿಲ್ಲೆಗಳು. ಅವು ಕೂಡಿರುವಾಗ ಕಾಯಿಲಿನಲ್ಲಿ ಕಾಂತಕ್ಷೇತ್ರ ತುಂಬಿಕೊಳ್ಳುತ್ತದೆ. ನಡುವಿನ ಕ್ಯಾಮ್ ತಿರುಗಿ ಅವನ್ನು ಬಿಡಿಸಿದ ಕ್ಷಣದಲ್ಲಿ ಆ ಕ್ಷೇತ್ರ ಕುಸಿದು, ಸಾವಿರಾರು ಸುತ್ತುಗಳಿರುವ ಸಣ್ಣ ತಂತಿಯಲ್ಲಿ ಸುಮಾರು 15,000ದಿಂದ 20,000 ವೋಲ್ಟ್‌ಗಳಷ್ಟು ಒತ್ತಡ ಹುಟ್ಟುತ್ತದೆ. ಎರಡನೆಯ ಸರ್ಕ್ಯೂಟು ಈ ಹೆಚ್ಚಿನ ವೋಲ್ಟೇಜನ್ನು ಡಿಸ್ಟ್ರಿಬ್ಯೂಟರ್ ಕ್ಯಾಪಿಗೆ ತಂದು, ತಿರುಗುವ ರೋಟರಿನ ಮೂಲಕ ಆಯಾ ಸಿಲಿಂಡರಿನ ಪ್ಲಗ್ಗಿಗೆ ಹಂಚುತ್ತದೆ.

ಇದರ ವೇಗವನ್ನು ಲೆಕ್ಕ ಹಾಕಿ ನೋಡಿದರೆ ಇದರ ಸೂಕ್ಷ್ಮತೆ ಅರ್ಥವಾಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ಪ್ರತಿ ಎರಡು ಸುತ್ತಿಗೆ ನಾಲ್ಕು ಕಿಡಿಗಳಂತೆ, ಪಾಯಿಂಟುಗಳು ನಿಮಿಷಕ್ಕೆ 6,000 ಸಲ, ಎಂದರೆ ಸೆಕೆಂಡಿಗೆ ನೂರು ಸಲ ಮುಚ್ಚಿ ತೆರೆಯಬೇಕು. ತೆರೆದಾಗ ಅವುಗಳ ನಡುವೆ ಇರಬೇಕಾದ ಅಂತರ ಹಳೆಯ ಅಂಬಾಸಡರಿನಲ್ಲಿ ಒಂದು ಇಂಚಿನ ಸಾವಿರ ಭಾಗಗಳಲ್ಲಿ ಹದಿನೈದು, ಎಂದರೆ ಸುಮಾರು 0.38 ಮಿಲಿಮೀಟರ್ ಮಾತ್ರ. ಇಷ್ಟು ಚಿಕ್ಕ ಜಾಗದಲ್ಲಿ ಒಂದು ಧೂಳಿನ ಕಣ ಅಥವಾ ಎಣ್ಣೆಯ ಒಂದು ಪದರ ಇಡೀ ಕಾರನ್ನು ನಿಲ್ಲಿಸಬಲ್ಲದು.

ಹೊಸ ಬಣ್ಣ ತಂದ ದೋಷ

ಹಳೆಯ ಕಾರುಗಳಲ್ಲಿ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಮರಳಿ ಬ್ಯಾಟರಿಗೆ ಸೇರುವುದು ತಂತಿಯ ಮೂಲಕವಲ್ಲ, ಕಾರಿನ ಮೈಯ ಮೂಲಕ. ಎಂಜಿನ್ ಮಾತ್ರ ರಬ್ಬರ್ ಮೌಂಟಿಂಗುಗಳ ಮೇಲೆ ಕುಳಿತಿರುವುದರಿಂದ, ಅದಕ್ಕೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಅರ್ತ್ ಸಂಪರ್ಕ ಕೊಡುತ್ತದೆ. ರೆಸ್ಟೊರೇಷನ್ನಿನಲ್ಲಿ ಬಾಡಿಯ ಒಳಹೊರಗೆ ಪ್ರೈಮರ್ ಮತ್ತು ಬಣ್ಣ ಬಿದ್ದಾಗ, ಈ ಪಟ್ಟಿ ಕೂರುವ ಬೋಲ್ಟಿನ ಜಾಗವೂ, ಬ್ಯಾಟರಿಯ ಅರ್ತ್ ಕೇಬಲ್ ಕೂರುವ ಜಾಗವೂ ನುಣುಪಾದ ಬಣ್ಣದಿಂದ ಮುಚ್ಚಿಹೋಗುತ್ತವೆ. ಬಣ್ಣ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಬೋಲ್ಟ್ ಎಷ್ಟೇ ಬಿಗಿಯಾಗಿದ್ದರೂ ಬಿಲ್ಲೆ ನಿಂತಿರುವುದು ಬಣ್ಣದ ಮೇಲೆಯೇ ಹೊರತು ಲೋಹದ ಮೇಲಲ್ಲ. ಇದರ ಪರಿಣಾಮವಾಗಿ ಸ್ಟಾರ್ಟರ್ ಮೋಟಾರು, ಎಂದರೆ ಗ್ಯಾರೇಜಿನ ಮಾತಿನ 'ಸೆಲ್ಫ್', ನಿಧಾನವಾಗಿ ನರಳುತ್ತದೆ, ದೀಪಗಳು ಮಂಕಾಗುತ್ತವೆ, ಕಿಡಿ ಸಣ್ಣಗಾಗುತ್ತದೆ; ಕೆಲವೊಮ್ಮೆ ವಿದ್ಯುತ್ತು ಚೋಕ್ ಅಥವಾ ಆಕ್ಸಿಲರೇಟರಿನ ತಂತಿಯನ್ನೇ ಮರಳುವ ದಾರಿಯಾಗಿ ಹಿಡಿದು, ಆ ತಂತಿ ಕೈಸುಡುವಷ್ಟು ಬಿಸಿಯಾಗುತ್ತದೆ. ಇದಕ್ಕೆ ಪರಿಹಾರ ಸರಳ: ಬೋಲ್ಟಿನ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಹೊಳೆಯುವ ಲೋಹ ಕಾಣುವಂತೆ ಮಾಡಿ, ಪಟ್ಟಿಯನ್ನು ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ವ್ಯಾಸಲಿನ್ ಸವರುವುದು.

ಡಿಸ್ಟ್ರಿಬ್ಯೂಟರಿನ ಮೈಗೆ ಅಂದಕ್ಕೆಂದು ಬಣ್ಣ ಹೊಡೆದು, ಅದನ್ನು ಹಿಡಿಯುವ ಕ್ಲ್ಯಾಂಪಿಗೂ ಬಣ್ಣ ಹೊಡೆದಾಗ ಇದೇ ದೋಷ ಇನ್ನೂ ಕಿರಿದಾದ ಜಾಗದಲ್ಲಿ ಹುಟ್ಟುತ್ತದೆ, ಏಕೆಂದರೆ ಪಾಯಿಂಟುಗಳಿಗೆ ಅರ್ತ್ ಸಿಗುವುದು ಆ ಮೈಯಿಂದಲೇ. ಅರ್ತ್‌ಗೆ ಸಂಬಂಧಿಸಿದ ಇನ್ನೊಂದು ಎಡವಟ್ಟು ಬ್ಯಾಟರಿಯ ದಿಕ್ಕಿನದು. 1960ರ ದಶಕದ ಮಧ್ಯದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಅರ್ತ್ ಆಗಿತ್ತು. ಇಂದಿನ ರೂಢಿಗೆ ಇದು ತದ್ವಿರುದ್ಧ. ಇದನ್ನು ಅರಿಯದೆ ಸಂಪರ್ಕ ಕೊಟ್ಟಾಗ, ಅಥವಾ ಕಾಯಿಲಿನ ಎರಡು ತಂತಿಗಳು ಅದಲುಬದಲಾದಾಗ, ಎಂಜಿನ್ ಓಡಿದರೂ ಕಿಡಿ ಪ್ಲಗ್ಗಿನಲ್ಲಿ ತಿರುಗುಮುರುಗಾಗಿ ಹಾರುತ್ತದೆ. ಪ್ಲಗ್ಗಿನ ಕಾದ ನಡುಕಡ್ಡಿಯಿಂದ ಹೊರಗಿನ ಕಡ್ಡಿಗೆ ಎಲೆಕ್ಟ್ರಾನುಗಳು ಸುಲಭವಾಗಿ ಜಿಗಿಯುತ್ತವೆ, ತಣ್ಣಗಿನ ಹೊರಕಡ್ಡಿಯಿಂದ ಒಳಗೆ ಜಿಗಿಯಲು ಹೆಚ್ಚು ವೋಲ್ಟೇಜು ಬೇಕು. ಆದ್ದರಿಂದ ಏರುದಾರಿಯಲ್ಲಿ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. ಹಳೆಯ ಲ್ಯೂಕಾಸ್ ಕಾಯಿಲುಗಳ ಮೇಲೆ ಪ್ಲಸ್ ಮೈನಸ್ ಗುರುತುಗಳ ಬದಲು 'ಎಸ್‌ಡಬ್ಲ್ಯು', 'ಸಿಬಿ' ಎಂಬ ಅಕ್ಷರಗಳಿರುತ್ತವೆ; ಮೊದಲನೆಯದು ಸ್ವಿಚ್ಚಿನ ಕಡೆಗೆ, ಎರಡನೆಯದು ಪಾಯಿಂಟಿನ ಕಡೆಗೆ.

ಟೆಸ್ಟ್ ಲ್ಯಾಂಪ್ ಕೊಡುವ ಸಾಕ್ಷ್ಯ

ಹಳೆಯ ಆಟೊ ಎಲೆಕ್ಟ್ರಿಷಿಯನ್‌ಗಳ ಬಳಿ ಇರುತ್ತಿದ್ದ ಮುಖ್ಯ ಉಪಕರಣವೆಂದರೆ ಎರಡು ತಂತಿ ಮತ್ತು ಒಂದು ಚಿಕ್ಕ ಬಲ್ಬಿನ ಟೆಸ್ಟ್ ಲ್ಯಾಂಪ್. ಮಲ್ಟಿಮೀಟರ್ ಎಷ್ಟೇ ನಿಖರವಾಗಿದ್ದರೂ, ತುಕ್ಕು ಹಿಡಿದು ಒಂದೇ ಎಳೆಯಲ್ಲಿ ನಿಂತಿರುವ ತಂತಿಯಲ್ಲೂ ಅದು 12 ವೋಲ್ಟ್ ತೋರಿಸಬಹುದು, ಏಕೆಂದರೆ ಅದಕ್ಕೆ ಬೇಕಾದ ವಿದ್ಯುತ್ತು ಅತ್ಯಲ್ಪ. ಬಲ್ಬಿಗಾದರೋ ನಿಜವಾದ ಹರಿವು ಬೇಕು, ಆದ್ದರಿಂದ ದುರ್ಬಲ ಸಂಪರ್ಕವನ್ನು ಅದು ಮಂಕು ಬೆಳಕಿನಿಂದಲೇ ಬಯಲು ಮಾಡುತ್ತದೆ. ಎರಡನ್ನೂ ಜೊತೆಯಾಗಿ ಬಳಸುವುದು ಉತ್ತಮ.

ಪರೀಕ್ಷೆಯ ಕ್ರಮ ಹೀಗಿರಬೇಕು. ಮೊದಲು ಬ್ಯಾಟರಿ: ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗಲೂ ಸುಮಾರು 9.6ಕ್ಕಿಂತ ಕೆಳಗೆ ಬೀಳಬಾರದು. ಸೆಲ್ಫ್ ಹೊಡೆದಾಗಲೇ ವೋಲ್ಟೇಜು ಕುಸಿದರೆ ಕಾಯಿಲಿಗೆ ಪಾಲು ಸಿಗುವುದಿಲ್ಲ. ಎರಡನೆಯದಾಗಿ, ಸ್ವಿಚ್ ಆನ್ ಮಾಡಿ ಕಾಯಿಲಿನ ಸ್ವಿಚ್ ಕಡೆಯ ತುದಿಗೂ ಅರ್ತ್‌ಗೂ ಲ್ಯಾಂಪ್ ಹಿಡಿದಾಗ ಅದು ಚೆನ್ನಾಗಿ ಉರಿಯಬೇಕು. ಉರಿಯದಿದ್ದರೆ ದೋಷ ಸ್ವಿಚ್ಚಿನಲ್ಲಿ, ಫ್ಯೂಸಿನಲ್ಲಿ ಅಥವಾ ವೈರಿಂಗಿನಲ್ಲಿದೆ, ಮುಂದಿನ ಭಾಗಗಳನ್ನು ಮುಟ್ಟುವ ಅಗತ್ಯವೇ ಇಲ್ಲ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ವೈರುಗಳನ್ನು ಇಲಿ ಹೆಗ್ಗಣಗಳು ಕಡಿದಿರುವುದೂ ಸಾಮಾನ್ಯ.

ಮೂರನೆಯ ಪರೀಕ್ಷೆ ಎಲ್ಲಕ್ಕಿಂತ ಹೆಚ್ಚು ತಿಳಿಸುತ್ತದೆ. ಲ್ಯಾಂಪನ್ನು ಕಾಯಿಲಿನ ಪಾಯಿಂಟ್ ಕಡೆಯ ತುದಿಗೂ ಅರ್ತ್‌ಗೂ ಹಿಡಿದು, ಎಂಜಿನನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ, ಪಾಯಿಂಟುಗಳು ತೆರೆದಾಗ ಲ್ಯಾಂಪ್ ಉರಿಯಬೇಕು, ಮುಚ್ಚಿದಾಗ ಆರಬೇಕು. ಅದು ಸದಾ ಉರಿಯುತ್ತಲೇ ಇದ್ದರೆ ಪಾಯಿಂಟುಗಳು ಕೊಳೆಯಾಗಿವೆ, ಮುಚ್ಚುತ್ತಿಲ್ಲ, ಅಥವಾ ಡಿಸ್ಟ್ರಿಬ್ಯೂಟರಿಗೆ ಅರ್ತ್ ಇಲ್ಲ. ಅದು ಒಮ್ಮೆಯೂ ಉರಿಯದಿದ್ದರೆ, ಒಂದೋ ಕಾಯಿಲಿನ ಒಳತಂತಿ ಕಡಿದಿದೆ, ಇಲ್ಲವೇ ಪಾಯಿಂಟಿಗೆ ಬರುವ ವಿದ್ಯುತ್ತು ದಾರಿಯಲ್ಲೇ ಅರ್ತ್‌ಗೆ ಸೋರುತ್ತಿದೆ. ಈ ಕೊನೆಯ ದೋಷಕ್ಕೆ ಬಹಳ ಸಲ ಕಾರಣ ಉಗುರಿಗಿಂತ ಚಿಕ್ಕದಾದ ಒಂದು ಫೈಬರ್ ವಾಷರ್. ಚಲಿಸುವ ಪಾಯಿಂಟಿನ ಸ್ಪ್ರಿಂಗ್, ಪಾಯಿಂಟುಗಳ ಜೊತೆಗಿರುವ ಕಂಡೆನ್ಸರಿನ ತಂತಿ ಮತ್ತು ಕಾಯಿಲಿನಿಂದ ಬಂದ ತಂತಿ, ಇವು ಮೂರೂ ಒಂದೇ ಸಣ್ಣ ಕಂಬದ ಮೇಲೆ ಒಂದನ್ನೊಂದು ಮುಟ್ಟಿಕೊಂಡಿದ್ದು, ಕಂಬವನ್ನು ಮತ್ತು ಕೆಳಗಿನ ತಟ್ಟೆಯನ್ನು ಮಾತ್ರ ಮುಟ್ಟದಂತೆ ಆ ವಾಷರುಗಳು ತಡೆಯುತ್ತವೆ. ಬಿಚ್ಚುವಾಗ ಒಂದು ವಾಷರ್ ಉರುಳಿ ಹೋಗಿದ್ದರೆ, ಅಥವಾ ಜೋಡಿಸುವಾಗ ಅವುಗಳ ಕ್ರಮ ತಪ್ಪಿದ್ದರೆ, ಪಾಯಿಂಟುಗಳು ಕಣ್ಣಿಗೆ ತೆರೆದು ಮುಚ್ಚುತ್ತಿದ್ದರೂ ವಿದ್ಯುತ್ತಿನ ದೃಷ್ಟಿಯಲ್ಲಿ ಸದಾ ಮುಚ್ಚಿಯೇ ಇರುತ್ತವೆ, ಆಗ ಕಿಡಿ ಹುಟ್ಟುವುದೇ ಇಲ್ಲ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡವರು ಈ ಕಷ್ಟದಿಂದ ಪಾರಾಗುತ್ತಾರೆ.

ಪಾಯಿಂಟ್, ಕಂಡೆನ್ಸರ್ ಮತ್ತು ಒಳಗಿನ ತಂತಿ

ನಿಂತು ನಿಂತು ಹಳೆಯದಾದ ಪಾಯಿಂಟುಗಳ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಬೆಳೆದಿರುತ್ತದೆ. ಹೊಸದಾಗಿ ತಂದ ಪಾಯಿಂಟುಗಳ ಮೇಲೆ ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆಯಿರುತ್ತದೆ. ಎರಡೂ ವಿದ್ಯುತ್ತನ್ನು ತಡೆಯುತ್ತವೆ. ಸುಟ್ಟ ಪಾಯಿಂಟನ್ನು ಸಣ್ಣ ಅರದಿಂದ ಸಮ ಮಾಡಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕೊನೆಗೆ ಒಂದು ಶುಚಿಯಾದ ಬಿಳಿ ಕಾಗದದ ಚೂರನ್ನು ಮುಚ್ಚಿದ ಪಾಯಿಂಟುಗಳ ನಡುವೆ ಎಳೆಯಬೇಕು. ಕಾಗದದ ಮೇಲೆ ಕಪ್ಪು ಗೆರೆ ಬೀಳುವುದು ನಿಲ್ಲುವವರೆಗೆ ಇದನ್ನು ಮುಂದುವರಿಸಬೇಕು. ಎಮೆರಿ ಪೇಪರ್ ಬಳಸಿದರೆ ಅದರ ಕಣಗಳು ಲೋಹದಲ್ಲಿ ಸಿಕ್ಕಿಕೊಂಡು ಹೊಸ ತೊಂದರೆ ತರುತ್ತವೆ. ನಂತರ ಪಾಯಿಂಟಿನ ಹಿಮ್ಮಡಿ ಕ್ಯಾಮಿನ ಎತ್ತರದ ಏಣಿನ ಮೇಲೆ ನಿಂತಿರುವಂತೆ ಎಂಜಿನ್ ತಿರುಗಿಸಿ, ಫೀಲರ್ ಗೇಜಿನಿಂದ, ಎಂದರೆ ಗೊತ್ತಾದ ದಪ್ಪದ ಉಕ್ಕಿನ ಎಲೆಗಳಿಂದ, ಅಂತರವನ್ನು ಹೊಂದಿಸಬೇಕು.

ಪಾಯಿಂಟುಗಳಿಗೆ ಜೊತೆಯಾಗಿರುವ ಕಂಡೆನ್ಸರ್ ಸುಮಾರು 0.2 ಮೈಕ್ರೊಫ್ಯಾರಡ್ ಸಾಮರ್ಥ್ಯದ ಚಿಕ್ಕ ಡಬ್ಬಿ. ಪಾಯಿಂಟುಗಳು ತೆರೆಯುವಾಗ ಅಲ್ಲಿಯೇ ಹಾರಲು ನೋಡುವ ವಿದ್ಯುತ್ತನ್ನು ಅದು ಹೀರಿಕೊಂಡು, ಕಾಂತಕ್ಷೇತ್ರ ಥಟ್ಟನೆ ಕುಸಿಯುವಂತೆ ಮಾಡುತ್ತದೆ. ಅದು ಕೆಟ್ಟಾಗ ಪಾಯಿಂಟುಗಳ ನಡುವೆ ನೀಲಿ ಕಿಡಿ ಜೋರಾಗಿ ಕಾಣುತ್ತದೆ, ಪ್ಲಗ್ಗಿನಲ್ಲಿ ಕಿಡಿ ಬಡವಾಗುತ್ತದೆ, ಹೊಸ ಪಾಯಿಂಟುಗಳು ಬೇಗ ಸುಟ್ಟುಹೋಗುತ್ತವೆ. ಒಂದು ಬಿಲ್ಲೆಯಲ್ಲಿ ಗುಳಿ, ಇನ್ನೊಂದರಲ್ಲಿ ದಿಬ್ಬ ಬೇಗ ಬೆಳೆದಿದ್ದರೆ ಕಂಡೆನ್ಸರಿನ ಸಾಮರ್ಥ್ಯ ಆ ಕಾರಿಗೆ ಹೊಂದುತ್ತಿಲ್ಲ ಎಂದು ಅನುಮಾನಿಸಬಹುದು. ಹೊಸದೆಂಬ ಒಂದೇ ಕಾರಣಕ್ಕೆ ಕಂಡೆನ್ಸರನ್ನು ನಂಬುವಂತಿಲ್ಲ. ಕಾರಿನೊಂದಿಗೆ ಬಂದ, ಕೆಲಸ ಮಾಡುತ್ತಿರುವ ಹಳೆಯದನ್ನು ಎಸೆಯದೆ ಇಟ್ಟುಕೊಳ್ಳುವುದು ಜಾಣತನ.

ಇನ್ನೊಂದು ದೋಷ ಅನುಭವಿಗಳನ್ನೂ ದಾರಿ ತಪ್ಪಿಸುತ್ತದೆ. ಪಾಯಿಂಟುಗಳು ಕೂತಿರುವ ತಟ್ಟೆ, ಆಕ್ಸಿಲರೇಟರ್ ಒತ್ತಿದಂತೆ ವ್ಯಾಕ್ಯೂಮ್ ಡಯಾಫ್ರಾಮಿನ ಎಳೆತಕ್ಕೆ ಸಿಕ್ಕಿ ಅತ್ತಿತ್ತ ತಿರುಗುತ್ತದೆ; ಅದಕ್ಕೆ ಹೋಗುವ ಮೆದುವಾದ ತಂತಿ ವರ್ಷಗಟ್ಟಲೆ ಮಣಿದು ಮಣಿದು, ಮೇಲಿನ ಹೊದಿಕೆ ಗಟ್ಟಿಯಾಗಿದ್ದರೂ ಒಳಗೆ ತಾಮ್ರ ಕಡಿದಿರುತ್ತದೆ. ಕಾರು ನಿಂತಲ್ಲಿ ಚೆನ್ನಾಗಿ ಓಡಿ, ಆಕ್ಸಿಲರೇಟರ್ ಒತ್ತಿದ ಕೂಡಲೇ ಸಾಯುತ್ತದೆ; ಕಾರ್ಬ್ಯುರೇಟರಿನ ಮೇಲೆ ಅನುಮಾನ ಬಿದ್ದು, ಅದನ್ನು ನಾಲ್ಕು ಸಲ ಬಿಚ್ಚಿ ಜೋಡಿಸಿದರೂ ಫಲವಿರುವುದಿಲ್ಲ. ಆ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ, ಕಡಿದ ಕಡೆ ಅದು ರಬ್ಬರಿನಂತೆ ಹಿಗ್ಗುತ್ತದೆ.

ಡಿಸ್ಟ್ರಿಬ್ಯೂಟರಿನ ಶಾಫ್ಟ್ ತಿರುಗುವ ಬುಷ್ ಸವೆದಿದ್ದರೆ ಶಾಫ್ಟ್ ಪಕ್ಕಕ್ಕೆ ಅಲ್ಲಾಡಿ, ಒಂದೊಂದು ಸಿಲಿಂಡರಿಗೆ ಪಾಯಿಂಟಿನ ಅಂತರ ಒಂದೊಂದು ಬಗೆಯಾಗುತ್ತದೆ. ಎಷ್ಟು ಸಲ ಗೇಜ್ ಹಿಡಿದರೂ ಎಂಜಿನ್ ಸಮನಾಗಿ ಓಡುವುದಿಲ್ಲ. ಮಾಗಡಿ ರಸ್ತೆಯ ಲೇತ್ ಅಂಗಡಿಗಳು ಇಲ್ಲಿ ನೆರವಿಗೆ ಬರುತ್ತವೆ: ಕಂಚಿನ ಹೊಸ ಬುಷ್ ಕಡೆದು ಕೂರಿಸಿದರೆ ಐವತ್ತು ವರ್ಷದ ಮೂಲ ಡಿಸ್ಟ್ರಿಬ್ಯೂಟರ್ ಮತ್ತೆ ಕೆಲಸಕ್ಕೆ ಬರುತ್ತದೆ.

ಕ್ಯಾಪ್, ರೋಟರ್, ಪ್ಲಗ್

ಕಡಿಮೆ ವೋಲ್ಟೇಜಿನ ದಾರಿ ಸರಿಯಿದೆ ಎಂದು ಖಚಿತವಾದ ಮೇಲೆಯೇ ಹೆಚ್ಚಿನ ವೋಲ್ಟೇಜಿನ ಕಡೆಗೆ ಹೋಗಬೇಕು. ಕಾಯಿಲಿನಿಂದ ಬರುವ ದಪ್ಪ ವೈರನ್ನು ಕ್ಯಾಪಿನಿಂದ ತೆಗೆದು, ವಿದ್ಯುನ್ನಿರೋಧಕ ಹಿಡಿಯಿರುವ ಇಕ್ಕಳದಲ್ಲಿ ಹಿಡಿದು, ಎಂಜಿನ್ನಿನ ಲೋಹದಿಂದ ಸುಮಾರು ಆರು ಮಿಲಿಮೀಟರ್ ದೂರದಲ್ಲಿಟ್ಟು ಸೆಲ್ಫ್ ಹೊಡೆದರೆ, ಚಟ್ ಎಂಬ ಸದ್ದಿನೊಡನೆ ನೀಲಿ ಬಣ್ಣದ ದಪ್ಪ ಕಿಡಿ ಹಾರಬೇಕು; ಕೆಂಪು ಹಳದಿ ಬಣ್ಣದ ಎಳೆಕಿಡಿ ದುರ್ಬಲತೆಯ ಗುರುತು. ಪೆಟ್ರೋಲಿನ ಆವಿಯಿರುವ ಕಡೆ ಈ ಪರೀಕ್ಷೆ ಮಾಡಲೇಬಾರದು, ಬೆಂಕಿ ಆರಿಸುವ ಸಾಧನ ಕೈಗೆಟುಕುವಂತಿರಬೇಕು, ಹೃದಯದ ಪೇಸ್‌ಮೇಕರ್ ಇರುವವರು ಹತ್ತಿರ ಬರಬಾರದು. ಕಾಯಿಲಿನಿಂದ ಒಳ್ಳೆಯ ಕಿಡಿ ಬಂದು ಪ್ಲಗ್ಗಿನಲ್ಲಿ ಬಾರದಿದ್ದರೆ, ದೋಷ ಕ್ಯಾಪ್, ರೋಟರ್ ಅಥವಾ ಪ್ಲಗ್ ವೈರುಗಳಲ್ಲಿದೆ ಎಂದು ತೀರ್ಮಾನಿಸಬಹುದು.

ಕ್ಯಾಪಿನ ಒಳಮೈಯಲ್ಲಿ ಎರಡು ತುದಿಗಳ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದು ಬಿರುಕಲ್ಲದಿದ್ದರೂ ಬಿರುಕಿನಷ್ಟೇ ಕೆಟ್ಟದ್ದು. ಕಿಡಿ ಅಲ್ಲಿ ಸೋರಿ ಸೋರಿ ಇಂಗಾಲದ ದಾರಿಯನ್ನೇ ಮಾಡಿಕೊಂಡಿರುತ್ತದೆ, ಒರೆಸಿದರೆ ಹೋಗುವುದಿಲ್ಲ, ಕ್ಯಾಪನ್ನು ಬದಲಿಸಬೇಕು. ಕ್ಯಾಪಿನ ನಡುವಿನ ಚಿಕ್ಕ ಇಂಗಾಲದ ಕಡ್ಡಿ ತನ್ನ ಸ್ಪ್ರಿಂಗಿನ ಮೇಲೆ ಕುಣಿಯುವಂತಿರಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿಯೂ, ಡಿಸೆಂಬರಿನ ಮಂಜಿನ ಮುಂಜಾವಿನಲ್ಲಿಯೂ ಕ್ಯಾಪಿನೊಳಗೆ ತೇವ ಕಟ್ಟಿ ಕಾರು ಹಠ ಹಿಡಿಯುವುದುಂಟು. ಒಣಬಟ್ಟೆಯಿಂದ ಒರೆಸಿದರೆ ಸಾಕು.

ಪ್ಲಗ್ಗುಗಳು ಎಂಜಿನ್ನಿನ ಆರೋಗ್ಯವನ್ನು ತೋರಿಸುತ್ತವೆ. ತುದಿ ತಿಳಿಕಂದು ಬಣ್ಣದ್ದಾಗಿದ್ದರೆ ಎಲ್ಲವೂ ಕ್ಷೇಮ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ದುರ್ಬಲವಾಗಿದೆ. ಎಣ್ಣೆ ಮೆತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವಿನ ಕಡೆ ಸವಕಳಿಯಿದೆ. ಬೆಳ್ಳಗೆ ಸುಟ್ಟಿದ್ದರೆ ಮಿಶ್ರಣ ತೆಳುವಾಗಿದೆ ಅಥವಾ ಎಂಜಿನ್ ಅತಿಯಾಗಿ ಕಾಯುತ್ತಿದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇಕಡ 10ರಷ್ಟು ಕಡಿಮೆ; ಆದ್ದರಿಂದ ಮುಂಬಯಿಯಲ್ಲೋ ಚೆನ್ನೈಯಲ್ಲೋ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಪೆಟ್ರೋಲನ್ನು ತುಸು ಹೆಚ್ಚಾಗಿ ಸುರಿದು, ಪ್ಲಗ್ಗುಗಳಿಗೆ ಮಸಿ ಹಿಡಿಸುತ್ತದೆ.

ಕಿಡಿಯ ಗಳಿಗೆ

ಕಿಡಿ ಇದ್ದರೆ ಸಾಲದು, ಅದು ಹೊತ್ತಿಗೆ ಸರಿಯಾಗಿ ಬರಬೇಕು, ಇದೇ ಟೈಮಿಂಗ್. ಎಂಜಿನ್ ಬಿಚ್ಚಿ ಜೋಡಿಸಿದ ಕಾರಿನಲ್ಲಿ ಹೆಚ್ಚಾಗಿ ಆಗುವ ತಪ್ಪು, ಡಿಸ್ಟ್ರಿಬ್ಯೂಟರ್ ಅರ್ಧ ಸುತ್ತು ಆಚೀಚೆಯಾಗಿ ಕೂರುವುದು. ಒಂದನೇ ಸಿಲಿಂಡರಿನ ಪಿಸ್ಟನ್ ಎರಡು ಸುತ್ತಿನಲ್ಲಿ ಎರಡು ಸಲ ತುದಿಗೆ ಬರುತ್ತದೆ, ಒಮ್ಮೆ ಮಿಶ್ರಣವನ್ನು ಅದುಮಿ, ಇನ್ನೊಮ್ಮೆ ಹೊಗೆಯನ್ನು ಹೊರತಳ್ಳಿ. ಪುಲ್ಲಿಯ ಮೇಲಿನ ಗುರುತು ಎರಡು ಸಲವೂ ಒಂದೇ ರೀತಿ ಕಾಣುತ್ತದೆ. ಆದ್ದರಿಂದ ಒಂದನೇ ಪ್ಲಗ್ ತೆಗೆದು, ಆ ತೂತಿನ ಮೇಲೆ ಹೆಬ್ಬೆರಳಿಟ್ಟು ಎಂಜಿನ್ ತಿರುಗಿಸಿ, ಬೆರಳನ್ನು ಗಾಳಿ ನೂಕುವ ಸುತ್ತನ್ನೇ ಹಿಡಿಯಬೇಕು. ಅಂಬಾಸಡರಿನ 1489 ಸಿಸಿ ಎಂಜಿನ್ನಿನಲ್ಲಿ ಕಿಡಿಯ ಸರದಿ 1-3-4-2, ರೋಟರ್ ತಿರುಗುವುದು ಅಪ್ರದಕ್ಷಿಣವಾಗಿ. ದಿಕ್ಕು ಮರೆತು ವೈರುಗಳನ್ನು ಪ್ರದಕ್ಷಿಣವಾಗಿ ಜೋಡಿಸಿದರೆ ಕಾರ್ಬ್ಯುರೇಟರಿನಿಂದ ಬೆಂಕಿ ಹಿಮ್ಮುಖವಾಗಿ ಚಿಮ್ಮುತ್ತದೆ. ನಂತರ ಮ್ಯಾನುಯಲ್ಲಿನಲ್ಲಿ ಹೇಳಿದ ಡಿಗ್ರಿಗೆ ಗುರುತನ್ನು ನಿಲ್ಲಿಸಿ, ಅದೇ ಟೆಸ್ಟ್ ಲ್ಯಾಂಪನ್ನು ಪಾಯಿಂಟ್ ತುದಿಗೆ ಹಿಡಿದು, ಲ್ಯಾಂಪ್ ಹೊತ್ತಿಕೊಳ್ಳುವ ಗಡಿಯಲ್ಲಿ ಡಿಸ್ಟ್ರಿಬ್ಯೂಟರನ್ನು ಬಿಗಿಯಬೇಕು. ಪಾಯಿಂಟಿನ ಅಂತರ ಬದಲಾದರೆ ಟೈಮಿಂಗ್ ತಾನಾಗಿಯೇ ಬದಲಾಗುವುದರಿಂದ, ಮೊದಲು ಅಂತರ, ಆಮೇಲೆ ಟೈಮಿಂಗ್ ಎಂಬ ಕ್ರಮವನ್ನು ಎಂದೂ ಮೀರಬಾರದು.

ಬಿಸಿಯಾದಾಗ ನಿಲ್ಲುವ ಕಾರು

ಮನೆಯಿಂದ ಸರಾಗವಾಗಿ ಹೊರಟ ಕಾರು ನಾಯಂಡಹಳ್ಳಿಯ ಅಥವಾ ಕೆಂಗೇರಿಯ ದಟ್ಟಣೆಯಲ್ಲಿ ಅರ್ಧ ಗಂಟೆ ತೆವಳಿ, ಥಟ್ಟನೆ ನಿಂತು, ತಣ್ಣಗಾದ ಮೇಲೆ ಏನೂ ಆಗದಂತೆ ಮತ್ತೆ ಸ್ಟಾರ್ಟ್ ಆಗುವುದಕ್ಕೆ ಎರಡು ಮುಖ್ಯ ಕಾರಣಗಳಿವೆ. ಒಂದು, ಬಿಸಿಗೆ ಸೋಲುವ ಕಾಯಿಲ್ ಅಥವಾ ಕಂಡೆನ್ಸರ್. ಇನ್ನೊಂದು, ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಪಂಪಿಗೆ ಸಿಗದಿರುವುದು. ಇವೆರಡನ್ನೂ ಬೇರ್ಪಡಿಸುವ ಉಪಾಯವೆಂದರೆ ಕಾರು ನಿಂತ ಕೂಡಲೇ, ತಣ್ಣಗಾಗುವ ಮೊದಲೇ, ಕಿಡಿಯನ್ನು ಪರೀಕ್ಷಿಸುವುದು: ಕಿಡಿ ಬಲವಾಗಿದ್ದರೆ ದೋಷ ಪೆಟ್ರೋಲಿನ ಕಡೆಗೆ, ಇಲ್ಲದಿದ್ದರೆ ಕಾಯಿಲಿನ ಕಡೆಗೆ. ಕೆಲವು ಕಾಯಿಲುಗಳು ಬ್ಯಾಲಸ್ಟ್ ಎಂಬ, ವಿದ್ಯುತ್ತಿನ ಹರಿವನ್ನು ತಗ್ಗಿಸುವ ರೆಸಿಸ್ಟರಿನೊಡನೆ ಬಳಸಲು ಮಾಡಿದವು. ಅಂಥದ್ದನ್ನು ಬ್ಯಾಲಸ್ಟ್ ಇಲ್ಲದ ಹಳೆಯ ಕಾರಿಗೆ ಹಾಕಿದರೆ ಅದು ಅತಿಯಾಗಿ ಕಾದು ತಾನೂ ಕೆಟ್ಟು ಪಾಯಿಂಟುಗಳನ್ನೂ ಸುಡುತ್ತದೆ. ಬ್ಯಾಲಸ್ಟ್ ಬೇಡದ 12 ವೋಲ್ಟಿನ ಕಾಯಿಲಿನ ಪ್ರಾಥಮಿಕ ಸುತ್ತು ಮೀಟರಿನಲ್ಲಿ ಸುಮಾರು 3ರಿಂದ 4 ಓಮ್ ತೋರಿಸುತ್ತದೆ. ಎಂಜಿನ್ ಓಡದಿರುವಾಗ ಸ್ವಿಚ್ಚನ್ನು ಆನ್ ಮಾಡಿ ಮರೆತು ಬಿಟ್ಟರೂ, ಪಾಯಿಂಟುಗಳು ಮುಚ್ಚಿದ್ದ ಪಕ್ಷದಲ್ಲಿ, ಒಳ್ಳೆಯ ಕಾಯಿಲ್ ಕೂಡ ಸುಟ್ಟುಹೋಗುತ್ತದೆ.

ಪೆಟ್ರೋಲಿನ ವಿಷಯದಲ್ಲಿ ಇನ್ನೊಂದು ಮಾತು. ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಚಾಲನೆ ದೊರೆತದ್ದು ಬೆಂಗಳೂರಿನಲ್ಲಿಯೇ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪು ಮತ್ತು ಡಯಾಫ್ರಾಮುಗಳನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತ ಇಂಥ ಪೆಟ್ರೋಲ್ ತರುವ ತೊಂದರೆ ಇಗ್ನಿಷನ್ ದೋಷದಂತೆಯೇ ಕಾಣುತ್ತದೆ. ಕಿಡಿಯ ದಾರಿಯನ್ನು ಪೂರ್ತಿ ಪರೀಕ್ಷಿಸಿದವರು ಮಾತ್ರ ಇದನ್ನು ಧೈರ್ಯವಾಗಿ ಗುರುತಿಸಬಲ್ಲರು.

ಉಳಿಸಬೇಕಾದ ವಿದ್ಯೆ

ಪಾಯಿಂಟುಗಳ ಬದಲು ಕ್ಯಾಪಿನೊಳಗೇ ಅಡಗಿ ಕೂರುವ ಎಲೆಕ್ಟ್ರಾನಿಕ್ ಘಟಕಗಳು ಇಂದು ದೊರೆಯುತ್ತವೆ. ದಿನವೂ ಓಡಿಸುವ ಕಾರಿಗೆ ಅವು ಉಪಯುಕ್ತವೇ. ಆದರೆ ಅರ್ತ್ ಕೆಟ್ಟ, ಬುಷ್ ಸವೆದ, ವೈರು ಕಡಿದ ಕಾರಿಗೆ ಎಲೆಕ್ಟ್ರಾನಿಕ್ ಘಟಕ ಹಾಕಿದರೆ ಹಳೆಯ ದೋಷ ಅಲ್ಲಿಯೇ ಉಳಿದು ಹೊಸದೊಂದು ಸೇರುತ್ತದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂಥ ಕಡೆ ಹಳೆಯ ಕಾರುಗಳನ್ನು ಕಂಡು ಮೆಚ್ಚುವ ಜನ ಮೂಲರೂಪವನ್ನೇ ನೋಡಬಯಸುತ್ತಾರೆ. ಬಾನೆಟ್ಟಿನ ಕೆಳಗೂ ಆ ಮೂಲರೂಪ ಉಳಿದರೆ ಮಾತ್ರ ರೆಸ್ಟೊರೇಷನ್ ಎಂಬ ಮಾತಿಗೆ ಅರ್ಥ ಬರುತ್ತದೆ. ಪಾಯಿಂಟ್ ಉಜ್ಜಿ ಗೇಜ್ ಹಿಡಿಯಬಲ್ಲ ಮೆಕಾನಿಕ್‌ಗಳು ಈಗ ವಯಸ್ಸಾದವರು. ಕಿರಿಯರು ಕಲಿತದ್ದು ಕಂಪ್ಯೂಟರ್ ಸ್ಕ್ಯಾನರ್ ದೋಷ ಹೇಳುವ ಕಾರುಗಳ ಮೇಲೆ.

ಆದ್ದರಿಂದ ಹಳೆಯ ಕಾರಿನ ಮಾಲೀಕರು ಎರಡು ಕೆಲಸಗಳನ್ನು ತಪ್ಪದೆ ಮಾಡಬೇಕು. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ, ಪಾಯಿಂಟಿನ ಅಂತರ, ಪ್ಲಗ್ಗಿನ ಅಂತರ, ಟೈಮಿಂಗಿನ ಡಿಗ್ರಿ, ಬ್ಯಾಟರಿಯ ವೋಲ್ಟೇಜು, ಅರ್ತ್‌ನ ದಿಕ್ಕು, ಇವೆಲ್ಲವನ್ನೂ ದಿನಾಂಕದೊಡನೆ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿಯೇ ಬರೆದು, ಅದನ್ನು ಕಾರಿನಲ್ಲಿಯೇ ಇಡಬೇಕು. ಮತ್ತು ತಮ್ಮ ಕಾರನ್ನು ಸರಿಪಡಿಸುವ ಹಿರಿಯ ಮೆಕಾನಿಕ್ ಪಕ್ಕದಲ್ಲಿ ಕಲಿಯುವ ಮನಸ್ಸುಳ್ಳ ಒಬ್ಬ ಕಿರಿಯನನ್ನು ನಿಲ್ಲಿಸಬೇಕು. ಕಾರಿನ ಬಣ್ಣವನ್ನು ಯಾವಾಗ ಬೇಕಾದರೂ ಮತ್ತೆ ಹೊಡೆಯಬಹುದು, ಕೈಯಿಂದ ಕೈಗೆ ದಾಟದೆ ಹೋದ ವಿದ್ಯೆಯನ್ನು ಮತ್ತೆ ಪಡೆಯಲಾಗದು.